ಪ್ಲ್ಯಾನ್ ನಡುವೆಯೇ ಮೊಬೈಲ್ ದರ ಏರಿತೇ? ಏನು ಕೇಳಬೇಕು, ಯಾರನ್ನು ಕೇಳಬೇಕು

2024ರ ಜೂನ್ 27ಕ್ಕೆ ಜಿಯೋ ದರ ಏರಿಕೆ ಪ್ರಕಟಿಸಿತು. ಮಾರನೇ ದಿನ ಏರ್‌ಟೆಲ್, ವೊಡಾಫೋನ್ ಐಡಿಯಾ ಕೂಡ ಹೇಳಿದವು. ಜುಲೈ 3 ಮತ್ತು 4ಕ್ಕೆ ಹೊಸ ದರ ಬಂದೇ ಬಿಟ್ಟಿತು. ನಡುವೆ ಸಿಕ್ಕಿದ್ದು ಒಂದು ವಾರ, ಅಷ್ಟೇ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೋದ 28 ದಿನದ ಪ್ಯಾಕ್ 239 ರೂಪಾಯಿ ಇದ್ದದ್ದು 299 ಆಯಿತು. 60 ರೂಪಾಯಿ ತಾನೇ ಅನ್ನಿಸಬಹುದು. ಆದರೆ 28 ದಿನದ ಪ್ಯಾಕ್ ಅಂದರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ ರೀಚಾರ್ಜ್. 3,107 ರೂಪಾಯಿ ಆಗುತ್ತಿದ್ದದ್ದು 3,887 ಆಗುತ್ತದೆ. ಮನೆಯಲ್ಲಿ ನಾಲ್ಕು ಫೋನ್ ಇದ್ದರೆ ವರ್ಷಕ್ಕೆ 3,120 ರೂಪಾಯಿ ಜಾಸ್ತಿ. ಮನೆ ಬಾಡಿಗೆ, ಸ್ಕೂಲ್ ಫೀಸು, ಕರೆಂಟ್ ಬಿಲ್ಲಿನ ಜೊತೆ ಇದೂ ಸೇರಿಕೊಂಡರೆ ಸಣ್ಣ ಮೊತ್ತವೇನಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಕೇಳುವುದು ಒಂದೇ. ಹೀಗೆ ಏರಿಸುವುದಕ್ಕೆ ಇವರಿಗೆ ಅಧಿಕಾರ ಇದೆಯಾ? ಕೇಳುವವರು ಯಾರೂ ಇಲ್ವಾ?

ಏರಿಸುವ ಅಧಿಕಾರ ಇದೆ. ನಮ್ಮಲ್ಲಿ ಮೊಬೈಲ್ ಪ್ಯಾಕುಗಳ ಬೆಲೆಯನ್ನು ಟೆಲಿಕಾಂ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನಿಗದಿ ಮಾಡುವುದಿಲ್ಲ. ಕಂಪನಿ ತಾನೇ ಬೆಲೆ ಇಟ್ಟು, ಏಳು ಕೆಲಸದ ದಿನಗಳೊಳಗೆ ಟ್ರಾಯ್‌ಗೆ ವರದಿ ಕೊಡಬೇಕು. ಹಾಗಾಗಿ ‘299 ತುಂಬಾ ಆಯ್ತು, ಇಳಿಸಿ’ ಅಂತ ದೂರು ಕೊಟ್ಟರೆ ಅದು ಎಲ್ಲೂ ನಿಲ್ಲುವುದಿಲ್ಲ. ಆದರೆ ನೀವು ಆಗಲೇ ಸೇರಿಕೊಂಡ ಪ್ಲ್ಯಾನಿನ ದರವನ್ನು ಒಂದು ಅವಧಿ ಮುಗಿಯುವ ತನಕ ಏರಿಸುವ ಹಾಗಿಲ್ಲ. ಆ ಅವಧಿ ಎಷ್ಟು ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ: ನಿಮ್ಮ ಪ್ಲ್ಯಾನ್ ಯಾವುದು, ಅದಕ್ಕೆ ಸೇರಿದ್ದು ಯಾವತ್ತು. ದಿನಾಂಕ ಕೈಯಲ್ಲಿ ಇಟ್ಟುಕೊಳ್ಳದೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮಾತು ಎರಡೇ ನಿಮಿಷದಲ್ಲಿ ನಿಮ್ಮ ಕೈ ತಪ್ಪುತ್ತದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ.

ಹಂತ 1: ಸೇರಿದ ದಿನಾಂಕ ಹುಡುಕಿ

ಪೋಸ್ಟ್‌ಪೇಯ್ಡ್ ಆಗಿದ್ದರೆ ಈಗಿನ ಪ್ಲ್ಯಾನಿಗೆ ಬಂದ ದಿನ ಬೇಕು. ಸಿಮ್ ತಗೊಂಡ ದಿನ ಬೇರೆ, ಪ್ಲ್ಯಾನ್ ಬದಲಾಯಿಸಿದ ದಿನ ಬೇರೆ. ಹತ್ತು ವರ್ಷದಿಂದ ಅದೇ ನಂಬರ್ ಇರಬಹುದು, ಆದರೆ ಹೋದ ತಿಂಗಳು ಫ್ಯಾಮಿಲಿ ಪ್ಲ್ಯಾನಿಗೆ ಬದಲಾಗಿದ್ದರೆ ಲೆಕ್ಕ ಹೋದ ತಿಂಗಳಿಂದಲೇ. ಆವತ್ತು ಬಂದ ಎಸ್ಎಂಎಸ್ ಅಥವಾ ಇಮೇಲ್ ಹುಡುಕಿ. ಸಿಗದಿದ್ದರೆ ಹಳೆಯ ಬಿಲ್ಲುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಪ್ಲ್ಯಾನಿನ ಹೆಸರು ಬದಲಾದ ಬಿಲ್ಲೇ ನಿಮಗೆ ಬೇಕಾದದ್ದು.

ಪ್ರೀಪೇಯ್ಡ್ ಆಗಿದ್ದರೆ ಸುಲಭ. ರೀಚಾರ್ಜ್ ಆದ ದಿನ, ಕೊಟ್ಟ ಮೊತ್ತ, ವ್ಯಾಲಿಡಿಟಿ ಮುಗಿಯುವ ದಿನ. ಮೂರೂ ಕಂಪನಿಯ ಆ್ಯಪಿನಲ್ಲೇ ಇರುತ್ತದೆ. ಬೀದಿ ಕೊನೆಯ ಅಂಗಡಿಯಲ್ಲಿ ನಗದು ಕೊಟ್ಟು ರೀಚಾರ್ಜ್ ಮಾಡಿಸಿದ್ದರೂ ನಿಮ್ಮ ನಂಬರಿಗೆ ಎಸ್ಎಂಎಸ್ ಬಂದೇ ಇರುತ್ತದೆ. ಅದನ್ನು ಅಳಿಸಬೇಡಿ.

ಕನೆಕ್ಷನ್ ಯಾರ ಹೆಸರಿನಲ್ಲಿದೆ ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. ಅಪ್ಪನ ಕೈಯಲ್ಲಿರುವ ಫೋನಿನ ಸಿಮ್ ಮಗನ ಹೆಸರಲ್ಲಿರುವುದು ನಮ್ಮಲ್ಲಿ ಸಾಮಾನ್ಯ. ದೂರು, ಮೇಲ್ಮನವಿ, ಪೋರ್ಟ್ (ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸುವುದು), ಎಲ್ಲವೂ ಹೆಸರಿರುವವರ ಮೂಲಕವೇ ಆಗಬೇಕು.

ಹಂತ 2: ನಿಮಗೆ ಯಾವ ನಿಯಮ ಅನ್ವಯಿಸುತ್ತದೆ

1999ರ ಟೆಲಿಕಾಂ ಟ್ಯಾರಿಫ್ ಆದೇಶ ಅಂತ ಒಂದಿದೆ. ಆಮೇಲೆ ಅದಕ್ಕೆ ಎಷ್ಟೋ ತಿದ್ದುಪಡಿ ಆಗಿವೆ. ಅದರಲ್ಲಿ ಗ್ರಾಹಕರಿಗೆ ನೇರವಾಗಿ ಸಿಗುವ ರಕ್ಷಣೆ ಹೀಗಿದೆ.

ನೀವು ಒಂದು ಪ್ಲ್ಯಾನಿಗೆ ಸೇರಿದ ದಿನದಿಂದ ಆರು ತಿಂಗಳು ಆ ಪ್ಲ್ಯಾನಿನ ಯಾವ ದರವನ್ನೂ ಏರಿಸುವ ಹಾಗಿಲ್ಲ. ಆರು ತಿಂಗಳಿಗಿಂತ ಜಾಸ್ತಿ ಅವಧಿಗೆ ಮುಂಚೆಯೇ ದುಡ್ಡು ಕಟ್ಟಿದ್ದರೆ ಆ ಪೂರ್ತಿ ಅವಧಿ ಮುಗಿಯುವ ತನಕ ಏರಿಸುವ ಹಾಗಿಲ್ಲ. ಅಂದರೆ 365 ದಿನದ ಪ್ಯಾಕ್ ಹಾಕಿಸಿದವರಿಗೆ 365 ದಿನವೂ ಹಳೆಯ ದರವೇ. ಈ ಕಟ್ಟು ಕಂಪನಿಗೆ ಮಾತ್ರ, ನಿಮಗಿಲ್ಲ. ಆರು ತಿಂಗಳ ಒಳಗೇ ನೀವು ಬೇರೆ ಪ್ಲ್ಯಾನಿಗೆ ಹೋಗಬೇಕೆಂದರೆ ಹೋಗಬಹುದು. ಕಂಪನಿ ತಕ್ಷಣ ಅಥವಾ ಮುಂದಿನ ಬಿಲ್ಲಿಂಗ್ ಸೈಕಲ್‌ನಿಂದ ಬದಲಾಯಿಸಿ ಕೊಡಬೇಕು.

28 ದಿನ ಅಥವಾ 84 ದಿನದ ಪ್ರೀಪೇಯ್ಡ್ ಪ್ಯಾಕಿನವರು ಇಲ್ಲಿ ಎಚ್ಚರವಾಗಿ ಓದಿ. ನೀವು ಹಾಕಿಸಿದ ಪ್ಯಾಕ್ ಮುಗಿಯುವ ತನಕ ಅದರ ಕರೆ, ಡೇಟಾ, ಎಸ್ಎಂಎಸ್ ಹೇಳಿದಷ್ಟೇ ಸಿಗಬೇಕು. ಆದರೆ ಮುಂದಿನ ರೀಚಾರ್ಜ್ ಅನ್ನು ಕಂಪನಿಗಳು ಹೊಸ ಖರೀದಿ ಅಂತ ಲೆಕ್ಕ ಹಿಡಿಯುತ್ತವೆ. 2024ರ ಜುಲೈನಲ್ಲಿ ಆದದ್ದೂ ಇದೇ. ಜೂನ್ ಕೊನೆಗೆ 239 ಕೊಟ್ಟವರಿಗೆ ಆ 28 ದಿನ ಏನೂ ತೊಂದರೆ ಇರಲಿಲ್ಲ, ಅದು ಮುಗಿದ ಮೇಲೆ 299. ‘ಹೋದ ಸಲ 239 ಕೊಟ್ಟಿದ್ದೆ, ಈ ಸಲವೂ ಅಷ್ಟಕ್ಕೇ ಕೊಡಿ’ ಅಂತ ಕೇಳಿ ಗೆಲ್ಲುವುದು ಕಷ್ಟ. ನಿಮ್ಮ ಸಮಯ ಅದಕ್ಕೆ ಹಾಳಾಗುವುದು ಬೇಡ ಅಂತ ನೇರವಾಗಿ ಹೇಳುತ್ತಿದ್ದೇನೆ.

ದೂರು ಗಟ್ಟಿಯಾಗಿ ನಿಲ್ಲುವುದು ಇಂಥ ಕಡೆ: ಪೋಸ್ಟ್‌ಪೇಯ್ಡ್ ಪ್ಲ್ಯಾನಿಗೆ ಸೇರಿ ಆರು ತಿಂಗಳಾಗಿಲ್ಲ, ಆಗಲೇ ಪ್ಲ್ಯಾನಿನ ಬಾಡಿಗೆ, ಅಂದರೆ ತಿಂಗಳ ಶುಲ್ಕ, ಏರಿದೆ. ವರ್ಷದ ಪ್ಯಾಕ್ ಇನ್ನೂ ಇದೆ, ಆದರೆ ದಿನದ ಡೇಟಾ ಕಡಿಮೆ ಮಾಡಿದ್ದಾರೆ. ನೀವು ಕೇಳದೇ ಇದ್ದ ಪ್ಲ್ಯಾನಿಗೆ ನಿಮ್ಮನ್ನು ಹಾಕಿದ್ದಾರೆ. ಒಪ್ಪಿಗೆ ಇಲ್ಲದೆ ಏನೋ ಒಂದು ಸೇವೆ ಸೇರಿಸಿ ದುಡ್ಡು ಕಡಿದಿದ್ದಾರೆ. ಒಂದು ವರ್ಷ ಒಟಿಟಿ ಕೊಡುತ್ತೇವೆ ಅಂತ ಹೇಳಿ ಪ್ಲ್ಯಾನ್ ಮಾರಿ, ನಡುವೆ ತೆಗೆದಿದ್ದಾರೆ. ಈ ಕೊನೆಯದರಲ್ಲಿ ನೀವು ಕೊಳ್ಳುವಾಗ ಕಂಡ ಜಾಹೀರಾತಿನ ಸ್ಕ್ರೀನ್‌ಶಾಟ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಮಕ್ಕಳಿರುವ ಮನೆಗಳಲ್ಲಿ ಅಲ್ಲಿಯ ನಿಯಮ ಇಲ್ಲಿಗೆ ಹೋಲಿಸಿ ಮಾತಾಡುವುದು ಕೇಳಿದ್ದೇನೆ. ಅಲ್ಲಿ ಕಥೆಯೇ ಬೇರೆ. ಎರಡು ವರ್ಷದ ಕರಾರು ಮಾಡಿಕೊಂಡು, ಪ್ರತಿ ವರ್ಷ ಹಣದುಬ್ಬರದ ಲೆಕ್ಕದಲ್ಲಿ ಕಂತು ಏರಿಸುತ್ತಿದ್ದರು. 2025ರ ಜನವರಿ 17ರಿಂದ ಅಲ್ಲಿಯ ಟೆಲಿಕಾಂ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಅದನ್ನು ಹೊಸ ಕರಾರುಗಳಲ್ಲಿ ನಿಲ್ಲಿಸಿದೆ. ಏರಿಕೆ ಇದ್ದರೆ ಎಷ್ಟು ಪೌಂಡ್, ಎಷ್ಟು ಪೆನ್ಸ್, ಯಾವಾಗ ಅಂತ ಸೇರುವಾಗಲೇ ಬರೆದು ತಿಳಿಸಬೇಕು. ನಮ್ಮಲ್ಲಿ ಫೋನಿನ ಇಎಂಐ ಬೇರೆ, ಸಿಮ್ ಬೇರೆ. ಹಾಗಾಗಿ ಕಂಪನಿ ಬಿಟ್ಟು ಹೋಗುವುದು ನಮಗೆ ಸುಲಭ. ಆದರೆ ಸಿಮ್ ಬದಲಾಯಿಸಿದರೆ ಇಎಂಐ ನಿಲ್ಲುವುದಿಲ್ಲ, ಅದು ಸಾಲ ಕೊಟ್ಟವರ ಲೆಕ್ಕ.

ಹಂತ 3: ಬಿಲ್ಲನ್ನು ಸಾಲು ಸಾಲಾಗಿ ಓದಿ

ನಮ್ಮ ಹನುಮಂತನಗರದ ಬೀದಿಯಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರಿದ್ದಾರೆ. ‘ನೋಡಪ್ಪ, ಯಾರಿಗೂ ಹೇಳದೆ ದರ ಏರಿಸಿಬಿಟ್ಟಿದ್ದಾರೆ’ ಅಂತ ಬಿಲ್ಲು ಹಿಡಿದು ಬಂದರು. ಅವರ ಮನೆ ಜಗಲಿ ಮೇಲೆ ಕೂತು ಹಳೆಯದು, ಹೊಸದು ಎರಡೂ ಬಿಲ್ಲು ಬಿಚ್ಚಿ ನೋಡಿದೆವು. ತಿಂಗಳ ಬಾಡಿಗೆ ಎರಡರಲ್ಲೂ ಒಂದೇ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಆ್ಯಡ್-ಆನ್ ಅಂತ 99 ರೂಪಾಯಿಯ ಸಾಲು ಹೊಸದಾಗಿ ಸೇರಿತ್ತು. ಅದರ ಮೇಲೆ 18 ಪರ್ಸೆಂಟ್ ತೆರಿಗೆ. ಒಟ್ಟು 116 ರೂಪಾಯಿ 82 ಪೈಸೆ. ‘ಮೇಷ್ಟ್ರೇ, ಇದನ್ನು ನೀವು ಕೇಳಿದ್ರಾ?’ ಅಂದರೆ ‘ಇದು ಏನು ಅಂತಲೇ ನನಗೆ ಗೊತ್ತಿಲ್ಲವಲ್ಲ’ ಅಂದರು. ಅವರು ದರ ಏರಿಕೆ ಅಂತ ದೂರು ಕೊಟ್ಟಿದ್ದರೆ ‘ದರ ಏರಿಲ್ಲ ಸರ್’ ಅಂತ ಮುಚ್ಚಿಬಿಡುತ್ತಿದ್ದರು. ಒಪ್ಪಿಗೆ ಇಲ್ಲದೆ ಸೇರಿಸಿದ ಸೇವೆ ಅಂತ ಕೊಟ್ಟಿದ್ದಕ್ಕೆ ದುಡ್ಡು ವಾಪಸ್ ಬಂತು.

ಇಂಥ ಸೇವೆ ಶುರು ಮಾಡಲು ಕಂಪನಿ ನಿಮ್ಮಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು ಅಂತ ಟ್ರಾಯ್ 2013ರಲ್ಲೇ ಹೇಳಿದೆ. ಬೇಡದ ಸೇವೆ ನಿಲ್ಲಿಸಲು 155223ಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಸ್ಟಾಪ್ ಅಂತ ಎಸ್ಎಂಎಸ್ ಕಳಿಸಿ. ಅದೇ ನಂಬರಿಗೆ ಕರೆ ಮಾಡಿಯೂ ನಿಲ್ಲಿಸಬಹುದು.

ತೆರಿಗೆಯ ವಿಷಯದಲ್ಲೂ ಗೊಂದಲ ಜಾಸ್ತಿ. ಪ್ರೀಪೇಯ್ಡ್ ಪ್ಯಾಕಿನ ಬೆಲೆಯಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. ಪೋಸ್ಟ್‌ಪೇಯ್ಡ್ ಪ್ಲ್ಯಾನಿನ ಬೆಲೆಗೆ ಅದನ್ನು ಆಮೇಲೆ ಸೇರಿಸುತ್ತಾರೆ. 449ರ ಪ್ಲ್ಯಾನ್ ಅಂದರೆ ಕೈಯಿಂದ ಹೋಗುವುದು 529 ರೂಪಾಯಿ 82 ಪೈಸೆ. ಇದು ಮೋಸ ಅಲ್ಲ. ಆದರೆ ಪ್ಲ್ಯಾನ್ ಮಾರುವ ಹುಡುಗರು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಸೇರುವ ಮುಂಚೆ ‘ಎಲ್ಲಾ ಸೇರಿ ಎಷ್ಟು?’ ಅಂತ ಕೇಳಿ.

ಹಂತ 4: ಆಟೋಪೇ ನೋಡಿಕೊಳ್ಳಿ

ದರ ಏರಿದ್ದು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಕಾರಣ ಆಟೋಪೇ, ಅಂದರೆ ಬಿಲ್ಲಿನ ದುಡ್ಡು ಖಾತೆಯಿಂದ ತಾನಾಗಿಯೇ ಹೋಗುವ ವ್ಯವಸ್ಥೆ. ಯುಪಿಐ ಆಟೋಪೇಗೆ ಒಪ್ಪಿಗೆ ಕೊಡುವಾಗ ಅಲ್ಲೊಂದು ಗರಿಷ್ಠ ಮೊತ್ತ ಇರುತ್ತದೆ. ನಿಮ್ಮ ಬಿಲ್ 500 ಇದ್ದು, ಗರಿಷ್ಠ ಮೊತ್ತ 5,000 ಅಂತ ಇದ್ದರೆ, ಬಿಲ್ 5,000 ದಾಟುವ ತನಕ ಎಷ್ಟೇ ಏರಿದರೂ ದುಡ್ಡು ಸದ್ದಿಲ್ಲದೆ ಹೋಗುತ್ತದೆ. ದುಡ್ಡು ಕಡಿಯುವ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆ ಸಂದೇಶ ನೂರಾರು ಜಾಹೀರಾತು ಎಸ್ಎಂಎಸ್ ನಡುವೆ ಕಳೆದುಹೋಗುತ್ತದೆ.

ನಿಮ್ಮ ಪೇಮೆಂಟ್ ಆ್ಯಪ್ ತೆರೆದು ಆಟೋಪೇ ಅನ್ನುವ ಜಾಗಕ್ಕೆ ಹೋಗಿ. ಮೊಬೈಲ್ ಬಿಲ್ಲಿಗೆ ನೀವು ಕೊಟ್ಟ ಒಪ್ಪಿಗೆ (ಮ್ಯಾಂಡೇಟ್) ಹುಡುಕಿ, ಗರಿಷ್ಠ ಮೊತ್ತ ನೋಡಿ. ಬಿಲ್ಲಿಗಿಂತ ಸ್ವಲ್ಪವೇ ಜಾಸ್ತಿ ಇರುವ ಹಾಗೆ ಹೊಸದಾಗಿ ಮಾಡಿಕೊಳ್ಳಿ. ಏರಿಕೆ ಬಂದ ದಿನ ಪೇಮೆಂಟ್ ನಿಲ್ಲುತ್ತದೆ, ನಿಮಗೆ ತಕ್ಷಣ ಗೊತ್ತಾಗುತ್ತದೆ.

ಹಂತ 5: ಸಾಕ್ಷಿ ಒಂದೇ ಕಡೆ ಇಡಿ

ಪ್ಲ್ಯಾನಿಗೆ ಸೇರಿದ ಎಸ್ಎಂಎಸ್, ಪ್ಲ್ಯಾನಿನ ವಿವರ ಇದ್ದ ಪುಟದ ಸ್ಕ್ರೀನ್‌ಶಾಟ್, ಏರಿಕೆಗೆ ಮುಂಚಿನ ಬಿಲ್, ಏರಿಕೆ ಆದ ಮೇಲಿನ ಬಿಲ್, ದುಡ್ಡು ಕಟ್ಟಿದ ರಸೀದಿ. ಇಷ್ಟನ್ನು ಒಂದು ಫೋಲ್ಡರಿಗೆ ಹಾಕಿ. ಆ್ಯಪಿನಲ್ಲಿ ಹಳೆಯ ಪ್ಲ್ಯಾನಿನ ಪುಟ ಯಾವಾಗ ಬೇಕಾದರೂ ಮಾಯವಾಗಬಹುದು, ಹಾಗಾಗಿ ಸ್ಕ್ರೀನ್‌ಶಾಟ್ ಇವತ್ತೇ ತೆಗೆಯಿರಿ. ಕಂಪನಿಗಳು ಟ್ರಾಯ್‌ಗೆ ಕೊಟ್ಟ ದರಗಳು ಟ್ರಾಯ್‌ನ ಟ್ಯಾರಿಫ್ ಪೋರ್ಟಲ್‌ನಲ್ಲಿವೆ. ಅಲ್ಲಿ ಕರ್ನಾಟಕ ವಲಯ ಆರಿಸಿಕೊಂಡು ನಿಮ್ಮ ಪ್ಲ್ಯಾನ್ ಹುಡುಕಿ ನೋಡಿ.

ಹಂತ 6: 198ಕ್ಕೆ ಕರೆ, ಡಾಕೆಟ್ ನಂಬರ್

121 ಮಾಹಿತಿಗೆ. ದೂರಿಗೆ 198, ಅದು ಉಚಿತ. ಎಷ್ಟೋ ಜನ 121ಕ್ಕೆ ಕರೆ ಮಾಡಿ, ಅರ್ಧ ಗಂಟೆ ಮಾತಾಡಿ, ದೂರು ಕೊಟ್ಟೆವು ಅಂದುಕೊಂಡು ಸುಮ್ನೆ ಆಗುತ್ತಾರೆ. ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ದಾಖಲೆ ಸಂಖ್ಯೆ, ಎಸ್ಎಂಎಸ್‌ನಲ್ಲಿ ಬರದೇ ಇದ್ದರೆ ದೂರು ದಾಖಲಾಗಿಲ್ಲ ಅಂತಲೇ ತಿಳಿಯಿರಿ.

ಭಾಷೆ ಆರಿಸುವಾಗ ಕನ್ನಡ ಒತ್ತಿ. ಆಚೆ ಕಡೆಯವರು ಹಿಂದಿಗೋ ಇಂಗ್ಲಿಷಿಗೋ ತಿರುಗಿದರೆ ‘ಕನ್ನಡದಲ್ಲಿ ಮಾತಾಡುವವರಿಗೆ ಕೊಡಿ’ ಅಂತ ಹೇಳಿ. ದುಡ್ಡಿನ ವ್ಯವಹಾರ ನಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಆಗಬೇಕು. ಇದರಲ್ಲಿ ಸಂಕೋಚ ಬೇಡ.

ಮಾತು ಚಿಕ್ಕದಾಗಿರಲಿ. ಉದಾಹರಣೆಗೆ ಹೀಗೆ:

‘ಮೇಡಂ, ನಾನು ಈ ಪ್ಲ್ಯಾನಿಗೆ ಮಾರ್ಚ್ 10ಕ್ಕೆ ಸೇರಿದ್ದೇನೆ. ಜುಲೈ ಬಿಲ್ಲಿನಲ್ಲಿ ಬಾಡಿಗೆ ಏರಿದೆ. ಆರು ತಿಂಗಳು ಆಗಿಲ್ಲ. ಟ್ಯಾರಿಫ್ ಆದೇಶದ ಪ್ರಕಾರ ಏರಿಸುವ ಹಾಗಿಲ್ಲ. ಹೆಚ್ಚಿಗೆ ತಗೊಂಡ ಮೊತ್ತ ವಾಪಸ್ ಮಾಡಿ, ಹಳೆಯ ದರ ಮುಂದುವರಿಸಿ. ದೂರು ದಾಖಲಿಸಿ ಡಾಕೆಟ್ ನಂಬರ್ ಕೊಡಿ.’

‘ಎಲ್ಲರಿಗೂ ಏರಿದೆ ಸರ್’ ಅನ್ನುವ ಉತ್ತರ ಬರುತ್ತದೆ. ‘ಎಲ್ಲರದ್ದು ಬೇಡ, ನನ್ನ ಸೇರಿದ ದಿನಾಂಕ ನೋಡಿ’ ಅನ್ನಿ. ‘ಬೇರೆ ಒಳ್ಳೆ ಪ್ಲ್ಯಾನ್ ಹಾಕಿಕೊಡಲಾ?’ ಅಂತಲೂ ಕೇಳುತ್ತಾರೆ. ಆ ಕರೆಯಲ್ಲೇ ಒಪ್ಪಬೇಡಿ. ಒಪ್ಪಿದರೆ ಹಳೆಯ ಪ್ಲ್ಯಾನ್ ಹೋಯಿತು, ಆರು ತಿಂಗಳ ಲೆಕ್ಕ ಮತ್ತೆ ಮೊದಲಿಂದ. ಆ ಕಡೆ ಮಾತಾಡುವ ಹುಡುಗಿ ದರ ಇಟ್ಟವಳಲ್ಲ. ದನಿ ಏರಿಸಿ ಪ್ರಯೋಜನವಿಲ್ಲ.

ಹಂತ 7: ಮೇಲ್ಮನವಿ

ಇಲ್ಲಿಗೆ ಬರುವವರು ತುಂಬಾ ಕಡಿಮೆ. ನನಗೆ ಬೇಸರ ಇರುವುದೂ ಇದರ ಬಗ್ಗೆಯೇ, ಯಾಕೆಂದರೆ ಕೆಲಸ ಆಗುವುದು ಹೆಚ್ಚಾಗಿ ಈ ಹಂತದಲ್ಲಿ. 2012ರ ಟೆಲಿಕಾಂ ಗ್ರಾಹಕರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕು. ದೂರಿಗೆ ಬಂದ ಪರಿಹಾರ ಸರಿ ಅನ್ನಿಸದಿದ್ದರೆ ಅಥವಾ ಹೇಳಿದ ಗಡುವು ಮುಗಿದರೂ ಉತ್ತರ ಬರದಿದ್ದರೆ, 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಒಂದು ಪೈಸೆ ಫೀಸಿಲ್ಲ. 39 ದಿನದೊಳಗೆ ತೀರ್ಮಾನ ಕೊಡಬೇಕು. ಪ್ರಾಧಿಕಾರದ ಇಮೇಲ್, ವಿಳಾಸ ಕಂಪನಿಯ ವೆಬ್‌ಸೈಟಿನಲ್ಲಿರುತ್ತದೆ. ಸಾಮಾನ್ಯವಾಗಿ ಪುಟದ ತೀರಾ ಕೆಳಗೆ. ಅಲ್ಲಿ ಸಿಗದಿದ್ದರೆ ಟ್ರಾಯ್‌ನ ಗ್ರಾಹಕರ ದೂರು ಪೋರ್ಟಲ್‌ನಲ್ಲಿ ಎಲ್ಲ ಕಂಪನಿಗಳದ್ದೂ ಸಿಗುತ್ತದೆ.

ಪತ್ರ ಹೀಗಿದ್ದರೆ ಸಾಕು:

*ಮೇಲ್ಮನವಿ ಪ್ರಾಧಿಕಾರಕ್ಕೆ,*

*ನನ್ನ ಮೊಬೈಲ್ ನಂಬರ್ ........, ಹೆಸರು ........, ಬೆಂಗಳೂರು. ನಾನು ........ ಪ್ಲ್ಯಾನಿಗೆ ........ ದಿನಾಂಕ ಸೇರಿದ್ದೇನೆ. ಆಗಿನ ತಿಂಗಳ ಬಾಡಿಗೆ ...... ರೂಪಾಯಿ. ........ ದಿನಾಂಕದ ಬಿಲ್ಲಿನಲ್ಲಿ ಅದು ...... ರೂಪಾಯಿ ಆಗಿದೆ. ಸೇರಿದ ದಿನದಿಂದ ಆರು ತಿಂಗಳು ಮುಗಿದಿಲ್ಲ. ಈ ಏರಿಕೆ ಟೆಲಿಕಾಂ ಟ್ಯಾರಿಫ್ ಆದೇಶಕ್ಕೆ ವಿರುದ್ಧ.*

*ಈ ಬಗ್ಗೆ ........ ದಿನಾಂಕ ದೂರು ಕೊಟ್ಟಿದ್ದೇನೆ. ಡಾಕೆಟ್ ನಂಬರ್ ......... ಬಂದ ಉತ್ತರ: ......... ಇದು ನನಗೆ ಒಪ್ಪಿಗೆ ಇಲ್ಲ.*

*ಹೆಚ್ಚಿಗೆ ಪಡೆದ ...... ರೂಪಾಯಿಯನ್ನು ತೆರಿಗೆ ಸೇರಿಸಿ ವಾಪಸ್ ಕೊಡಬೇಕು. ........ ದಿನಾಂಕದವರೆಗೆ ಹಳೆಯ ದರ ಮುಂದುವರಿಸಬೇಕು. ಉತ್ತರವನ್ನು ಬರಹದಲ್ಲಿ ಕೊಡಬೇಕು.*

*ಜೊತೆಗೆ: ಎರಡು ಬಿಲ್ಲು, ಸೇರಿದ ದಿನದ ಎಸ್ಎಂಎಸ್, ದೂರಿನ ಎಸ್ಎಂಎಸ್.*

ಸಿಟ್ಟು, ನೋವು, ಇಪ್ಪತ್ತು ವರ್ಷದ ಹಳೆಯ ಗ್ರಾಹಕ ಅನ್ನುವ ಮಾತು ಇದರಲ್ಲಿ ಬೇಡ. ದಿನಾಂಕ ಮತ್ತು ಮೊತ್ತ ತಪ್ಪಿಲ್ಲದೆ ಇರಲಿ.

ಹಂತ 8: ಹೊರಗಿನ ಸಹಾಯ

ಟ್ರಾಯ್‌ಗೆ ಪತ್ರ ಬರೆದರೆ ಅವರು ನಿಮ್ಮೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ, ಅದನ್ನು ಕಂಪನಿಗೆ ಕಳಿಸುತ್ತಾರೆ. ಬೇಗ ಫಲ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡುತ್ತಾರೆ. ಅವರು ಕಂಪನಿಯ ಜೊತೆ ಮಾತಾಡಿ ರಾಜಿಗೆ ನೋಡುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ, ಆದರೂ ಸಣ್ಣ ಮೊತ್ತದ ಜಗಳ ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ದೂರಸಂಪರ್ಕ ಇಲಾಖೆಗೆ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್ ಮೂಲಕವೂ ಬರೆಯಬಹುದು.

ಹಂತ 9: ಬಿಟ್ಟು ಹೋಗುವುದಾದರೆ

ದರ ಏರಿದ್ದು ನಿಯಮದ ಪ್ರಕಾರವೇ ಇದ್ದರೆ ನಿಮ್ಮ ಕೈಯಲ್ಲಿರುವ ಬಲ ಇದೊಂದೇ. ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿಯಲ್ಲಿ. 2024ರ ಜುಲೈ ನಂತರ ಬಿಎಸ್ಎನ್ಎಲ್ ಕಡೆಗೆ ಜನ ಹೋದದ್ದು ಇದೇ ದಾರಿಯಲ್ಲಿ.

ಪೋರ್ಟ್ ಮಾಡುವ ಮುಂಚೆ ನೆಟ್‌ವರ್ಕ್ ನೋಡಿ, ದರ ಆಮೇಲೆ. ಬೆಂಗಳೂರಿನಲ್ಲಿ ಒಂದೇ ಬೀದಿಯಲ್ಲಿ ಒಂದು ಮನೆಗೆ ಸಿಗ್ನಲ್ ಸಿಗುತ್ತದೆ, ಪಕ್ಕದ್ದಕ್ಕೆ ಇಲ್ಲ. ಹೋಗಬೇಕೆಂದಿರುವ ಕಂಪನಿಯ ಸಿಮ್ ಇರುವ ನೆಂಟರೋ ಸ್ನೇಹಿತರೋ ಮನೆಗೆ ಬಂದಾಗ ಅಡುಗೆಮನೆ, ಬೇಸ್‌ಮೆಂಟ್ ಪಾರ್ಕಿಂಗ್, ಲಿಫ್ಟ್ ಹತ್ತಿರ ಕರೆ ಮಾಡಿ ನೋಡಿ. ಆಫೀಸಿನಲ್ಲೂ ನೋಡಿ. ಊರಿಗೆ ಹೋಗಿ ಬರುವವರು ಅಲ್ಲಿಯದನ್ನೂ ವಿಚಾರಿಸಿ.

ಆಮೇಲೆ, ನಿಮ್ಮದೇ ನಂಬರಿಂದ 1900ಕ್ಕೆ ಎಸ್ಎಂಎಸ್ ಕಳಿಸಿ: ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್, ಒಂದು ಜಾಗ ಬಿಟ್ಟು ನಿಮ್ಮ ಹತ್ತು ಅಂಕಿಯ ನಂಬರ್. ನಿಮ್ಮ ಪ್ಯಾಕಿನಲ್ಲಿ ಎಸ್ಎಂಎಸ್ ಇಲ್ಲದಿದ್ದರೂ ಇದು ಹೋಗಬೇಕು ಅಂತ ಟ್ರಾಯ್ 2021ರಲ್ಲಿ ಹೇಳಿದೆ. ಎಂಟು ಅಕ್ಷರದ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನ ಆಯಸ್ಸು. ಅದನ್ನು ತಗೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಿ ಗುರುತಿನ ದಾಖಲೆ ಕೊಡಿ. ವಲಯದೊಳಗೇ ಆದರೆ ಮೂರು ಕೆಲಸದ ದಿನ, ಬೇರೆ ರಾಜ್ಯದ ನಂಬರಾದರೆ ಐದು.

ಕೋಡ್ ಬರದೇ ಇರುವುದಕ್ಕೆ ಕಾರಣಗಳಿವೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಬದಲಾಯಿಸಿ ಏಳು ದಿನ ಆಗಿರಬೇಕು, ಇದು 2024ರ ಜುಲೈ 1ರಿಂದ ಬಂದ ನಿಯಮ. ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇರಬಾರದು. ಬಿಲ್ಲಿನ ಬಗ್ಗೆ ತಕರಾರಿದ್ದರೂ ಬಾಕಿ ಇದ್ದರೆ ಪೋರ್ಟ್ ನಿಲ್ಲುತ್ತದೆ. ಹಾಗಾಗಿ ‘ತಕರಾರು ಇಟ್ಟುಕೊಂಡೇ ಕಟ್ಟುತ್ತಿದ್ದೇನೆ’ ಅಂತ ಇಮೇಲ್ ಹಾಕಿ ದುಡ್ಡು ಕಟ್ಟಿಬಿಡಿ. ದೂರು ಅದರ ಪಾಡಿಗೆ ಮುಂದುವರಿಯುತ್ತದೆ. ಡೆಪಾಸಿಟ್ ಇಟ್ಟಿದ್ದರೆ ವಾಪಸ್ ಕೇಳಿ.

ಪ್ರೀಪೇಯ್ಡ್‌ನವರಿಗೆ ಉಳಿದ ವ್ಯಾಲಿಡಿಟಿ, ಬ್ಯಾಲೆನ್ಸ್ ಎರಡೂ ಹೋಗುತ್ತದೆ. ವರ್ಷದ ಪ್ಯಾಕ್ ಬಗ್ಗೆ ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ಏರಿಕೆ ಪ್ರಕಟವಾಗಿ ಜಾರಿಗೆ ಬರುವ ನಡುವಿನ ದಿನಗಳಲ್ಲಿ ಹಳೆಯ ದರಕ್ಕೆ ವರ್ಷದ ಪ್ಯಾಕ್ ಹಾಕಿಸುವುದು ಒಳ್ಳೆಯ ಲೆಕ್ಕ, ಆದರೆ ಮನೆ ಬದಲಾಯಿಸುವ ಯೋಚನೆ ಇರುವವರಿಗೆ ಅಲ್ಲ. ಹೊಸ ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಕಟ್ಟಿದ ದುಡ್ಡು ಅಲ್ಲೇ ಉಳಿಯುತ್ತದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಮಾಡುವವರಿಗೆ ಒಂದು ಮಾತು. ಆಫೀಸು ಕೊಟ್ಟ ನಂಬರ್ ಆಫೀಸಿನ ಹೆಸರಲ್ಲಿರುತ್ತದೆ. ಅದನ್ನು ಪೋರ್ಟ್ ಮಾಡಲು ಅಲ್ಲಿಯ ಅಧಿಕೃತ ಪತ್ರ ಬೇಕು. ಬ್ಯಾಂಕು, ಆಧಾರ್ ಎಲ್ಲಕ್ಕೂ ಅದೇ ನಂಬರ್ ಕೊಟ್ಟಿದ್ದರೆ ಕೆಲಸ ಬಿಡುವ ಮುಂಚೆಯೇ ಎಚ್ಆರ್ ಜೊತೆ ಮಾತಾಡಿಕೊಳ್ಳಿ.

ಕಂಪನಿ ಬಿಡದೆ ಖರ್ಚು ಇಳಿಸುವ ದಾರಿಯೂ ಇದೆ. ಬರೀ ಕರೆ ಮತ್ತು ಎಸ್ಎಂಎಸ್ ಇರುವ ಪ್ಯಾಕ್ ಇಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿತು. ಡೇಟಾ ಮುಟ್ಟದ ಅಜ್ಜಿ, ತಾತನಿಗೆ ಇದು ಸಾಕು. ಆ್ಯಪಿನ ಮೊದಲ ಪುಟದಲ್ಲಿ ಕಾಣದೇ ಹೋಗಬಹುದು, ಹುಡುಕಿ ಅಥವಾ ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. 2022ರ ನಿಯಮದಿಂದಾಗಿ 30 ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಪ್ಯಾಕ್ ಕೂಡ ಕಂಪನಿಗಳು ಇಡಬೇಕು. ದಿನದ ಲೆಕ್ಕದಲ್ಲಿ 28 ದಿನದ್ದರ ಜೊತೆ ಹೋಲಿಸಿ ನೋಡಿ.

ದರ ಏರಿಕೆ ಸುದ್ದಿ ಬಂದ ವಾರ ಮೋಸದ ಕರೆಗಳೂ ಬರುತ್ತವೆ. ‘ಹಳೆಯ ದರಕ್ಕೆ ಕೊಡುತ್ತೇವೆ, ಈ ಲಿಂಕ್ ಒತ್ತಿ’ ಅಂತಾರೆ. ‘ನಿಮಗೆ ಬಂದ ಕೋಡ್ ಹೇಳಿ’ ಅಂತಾರೆ. ಪೋರ್ಟ್ ಕೋಡ್ ಯಾರಿಗೂ ಫೋನಿನಲ್ಲಿ ಹೇಳಬೇಡಿ, ಅದರಿಂದ ನಿಮ್ಮ ನಂಬರೇ ಬೇರೆಯವರ ಕೈಗೆ ಹೋಗಬಹುದು. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಹಂತ 10: ಗ್ರಾಹಕರ ಆಯೋಗ

ಮೊಬೈಲ್ ಜಗಳಕ್ಕೆ ಗ್ರಾಹಕರ ಆಯೋಗಕ್ಕೆ ಹೋಗುವ ಹಾಗಿಲ್ಲ ಅಂತ ಈಗಲೂ ಕೆಲವರು ಹೇಳುತ್ತಾರೆ. ಅದು ಹಳೆಯ ಮಾತು. 2009ರ ಒಂದು ತೀರ್ಪಿನಿಂದ ಹಾಗಾಗಿತ್ತು. ಅಹಮದಾಬಾದಿನ ಒಬ್ಬ ಗ್ರಾಹಕರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಬಿಲ್ ಒಮ್ಮೆಲೇ 24 ಸಾವಿರ ದಾಟಿ ಬಂತು. ಅವರು ಬಿಡದೆ ಹೋರಾಡಿದರು. 2022ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟ್, ಟೆಲಿಕಾಂ ಕಂಪನಿ ವಿರುದ್ಧ ಗ್ರಾಹಕರು ಆಯೋಗಕ್ಕೆ ಹೋಗಬಹುದು ಅಂತ ಸ್ಪಷ್ಟವಾಗಿ ಹೇಳಿತು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಂತೂ ಸೇವೆಗಳ ಪಟ್ಟಿಯಲ್ಲಿ ಟೆಲಿಕಾಂ ಹೆಸರೇ ಇದೆ.

ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲೋ ದೆಹಲಿಯಲ್ಲೋ ಇರಲಿ, ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನಮಗೆ ಅದು ಬೆಂಗಳೂರು ನಗರ ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಫೀಸಿಲ್ಲ. ವಕೀಲರು ಕಡ್ಡಾಯ ಅಲ್ಲ. 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ದಾಖಲಿಸಬಹುದು. ವಿಡಿಯೊ ಮೂಲಕ ಹಾಜರಾಗಲು ಅನುಮತಿಯನ್ನೂ ಕೇಳಬಹುದು. ಮೇಲ್ಮನವಿ ಹಾಕದೇ ಇದ್ದರೂ ಆಯೋಗದ ಬಾಗಿಲು ಮುಚ್ಚುವುದಿಲ್ಲ, ಆದರೆ ಡಾಕೆಟ್ ನಂಬರ್ ಮತ್ತು ಮೇಲ್ಮನವಿಯ ಉತ್ತರ ಜೊತೆಗಿದ್ದರೆ ದೂರು ಗಟ್ಟಿ. ಕರಾರಿನ ಷರತ್ತೇ ಅನ್ಯಾಯದ್ದು ಅಂತ ವಾದ ಇದ್ದರೆ ಅದು ಜಿಲ್ಲಾ ಆಯೋಗಕ್ಕೆ ಬರುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು.

ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ತೀರ್ಮಾನ ಅಂತ ಇದೆ. ಅದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ ಅಂತ ತಿಳಿದೇ ಹೋಗಿ. 60 ರೂಪಾಯಿಗೆ ಇಷ್ಟು ದೂರ ಹೋಗಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ಆದರೆ ವರ್ಷದ ಪ್ಯಾಕ್ ನಡುವೆ ಕಡಿತ ಮಾಡಿದ್ದರೆ, ಫ್ಯಾಮಿಲಿ ಪ್ಲ್ಯಾನಿನಲ್ಲಿ ತಿಂಗಳು ತಿಂಗಳೂ ನೂರಾರು ರೂಪಾಯಿ ಹೋಗಿದ್ದರೆ, ಖಂಡಿತ ಹೋಗಿ ಅನ್ನುತ್ತೇನೆ. ದುಡ್ಡಿನ ಜೊತೆಗೆ ಓಡಾಟ, ಮಾನಸಿಕ ಕಿರಿಕಿರಿಗೆ ಪರಿಹಾರವನ್ನೂ ದೂರಿನಲ್ಲೇ ಕೇಳಿ. ಹೆಚ್ಚಿಗೆ ದುಡ್ಡು ಕಡಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಆ ಕೊನೆಯ ತಾರೀಕನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ.